ಮೊದಲು ಇಳಿಜಾರು, ಆಮೇಲೆ ಸೈಕಲ್ಲು

ವ್ಯಾಂಕೂವರ್‌ನಲ್ಲಿರುವ ಅಕ್ಕನ ಮನೆಗೆ ಹೋಗಿ ಇಳಿದ ಮೂರನೆಯ ದಿನವೇ ನನ್ನನ್ನು ಪಂಚಾಯಿತಿಗೆ ಕೂರಿಸಿದರು. ವ್ಯಾಜ್ಯ ಒಂದು ಸೈಕಲ್ಲಿನದು. ಅಕ್ಕನ ಮಗನಿಗೆ ಹದಿನೇಳು ವರ್ಷ. ಎರಡು ಬೇಸಿಗೆ ರಜೆಯಲ್ಲಿ ದಿನಸಿ ಅಂಗಡಿಯಲ್ಲಿ ದುಡಿದು ನಾಲ್ಕು ಸಾವಿರ ಡಾಲರ್ ಕೂಡಿಟ್ಟಿದ್ದಾನೆ. ಅಷ್ಟನ್ನೂ ಸುರಿದು, ಯಾರೋ ಎರಡು ವರ್ಷ ಓಡಿಸಿದ ‘ಡೌನ್‌ಹಿಲ್’ ಸೈಕಲ್ಲನ್ನು ಕೊಳ್ಳಬೇಕೆಂದು ಅವನ ಹಟ.

“ಹೊಸದಾದ್ರೆ ಇದರ ಎರಡರಷ್ಟಾಗುತ್ತೆ ಮಾವ” ಎಂದ ಹುಡುಗ. “ಈ ದುಡ್ಡಿಗೆ ಹಳೇ ಕಾರೇ ಬರುತ್ತೆ” ಎಂದರು ಭಾವ. ಅಕ್ಕನ ಚಿಂತೆ ದುಡ್ಡಿನದಲ್ಲ. “ಕೈಕಾಲು ಮುರ್ಕೊಂಡು ಬಂದ್ರೆ ನೀನು ನೋಡ್ಕೋತೀಯೇನೋ?” ಎಂದು ನನ್ನನ್ನೇ ಕೇಳಿದಳು.

ನಾನು ಮೈಸೂರಿನಲ್ಲಿ ಸೈಕಲ್ಲು ಕಲಿತದ್ದು ಗಂಟೆ ಲೆಕ್ಕದ ಬಾಡಿಗೆಯಲ್ಲಿ. ಸ್ವಂತದ್ದು ಬಂದದ್ದು ಮೂರು ವರ್ಷಗಳ ನಂತರ. ಅದೇ ಬುದ್ಧಿಯಿಂದ ತೀರ್ಪು ಕೊಟ್ಟೆ: “ಕೊಳ್ಳೋ ಮಾತು ಆಮೇಲೆ. ಮೊದಲು ಅಂಥದ್ದನ್ನು ಬಾಡಿಗೆಗೆ ತಗೊಂಡು ಒಂದು ದಿನ ಓಡಿಸಲಿ. ನಾವೂ ಹೋಗಿ ನೋಡೋಣ.” ಹುಡುಗನ ಮುಖ ಅರಳಿತು. ವಿಸ್ಲರ್‌ಗೆ ಹೊರಡುವುದು ನಿಶ್ಚಯವಾಯಿತು.

ಸಿಳ್ಳೆ ಹೊಡೆಯುವ ಬೆಟ್ಟ

ವ್ಯಾಂಕೂವರ್‌ನಿಂದ ಉತ್ತರಕ್ಕೆ ವಿಸ್ಲರ್ ಸುಮಾರು 120 ಕಿಲೋಮೀಟರ್. ‘ಸಮುದ್ರದಿಂದ ಆಕಾಶಕ್ಕೆ’ ಎಂಬ ಅರ್ಥದ ಹೆಸರು ಆ ಹೆದ್ದಾರಿಗೆ. ಅದು ಸುಳ್ಳಲ್ಲ. ಎಡಕ್ಕೆ ಹೌ ಸೌಂಡ್ ಎಂಬ ಕೊಲ್ಲಿಯ ನೀಲಿ ನೀರು, ಬಲಕ್ಕೆ ಕಡಿದಾದ ಬಂಡೆ, ನಡುವೆ ಹಾವಿನಂತೆ ಏರುವ ರಸ್ತೆ. ಸ್ಕ್ವಾಮಿಷ್ ಊರಿಗೆ ಮುಂಚೆ ಶ್ಯಾನನ್ ಜಲಪಾತ ಕಾಣುತ್ತದೆ. ಎತ್ತರ 335 ಮೀಟರ್. ನಮ್ಮ ಜೋಗಕ್ಕಿಂತ ಎತ್ತರವೇನೋ ನಿಜ, ಆದರೆ ಮಳೆಗಾಲದ ಜೋಗ ನೋಡಿದ ಕಣ್ಣಿಗೆ ಅದು ಬಂಡೆಯ ಮೇಲೆ ಒಣಹಾಕಿದ ಪಂಚೆಯಂತೆ ಕಂಡಿತು.

ವಿಸ್ಲರ್ ಬೆಟ್ಟಕ್ಕೆ ಹಿಂದೆ ಲಂಡನ್ ಮೌಂಟನ್ ಎಂಬ ಹೆಸರಿತ್ತು. ಅಲ್ಲಿನ ಬಂಡೆಗಳ ನಡುವೆ ವಾಸಿಸುವ ಮಾರ್ಮಟ್ ಎಂಬ ಅಳಿಲಿನ ಜಾತಿಯ ಪ್ರಾಣಿ ಅಪಾಯ ಕಂಡಾಗ ಸಿಳ್ಳೆ ಹೊಡೆಯುತ್ತದೆ. ಅದರಿಂದಲೇ ‘ವಿಸ್ಲರ್’ ಎಂಬ ಹೆಸರು ನಿಂತಿತು. 1966ರಲ್ಲಿ ಇಲ್ಲಿ ಹಿಮಜಾರಾಟ ಶುರುವಾಯಿತು. 2010ರ ಚಳಿಗಾಲದ ಒಲಿಂಪಿಕ್ಸ್‌ನ ಆಲ್ಪೈನ್ ಸ್ಕೀ ಸ್ಪರ್ಧೆಗಳು ಇಲ್ಲೇ ನಡೆದವು. ಹಿಮ ಕರಗಿದ ಮೇಲೆ, ಮೇ ತಿಂಗಳಿನಿಂದ ಅಕ್ಟೋಬರ್‌ವರೆಗೆ, ಅದೇ ಬೆಟ್ಟ ಸೈಕಲ್ಲಿನವರ ಪಾಲಿಗೆ. ಸ್ಕೀ ಆಟಗಾರರನ್ನು ಹೊರುವ ತೂಗುಕುರ್ಚಿಗಳು ಬೇಸಿಗೆಯಲ್ಲಿ ಸೈಕಲ್ಲುಗಳನ್ನೂ ಹೊತ್ತು ಮೇಲೇರುತ್ತವೆ. 2182 ಮೀಟರ್ ಎತ್ತರದ ನೆತ್ತಿಯಿಂದ ಬುಡದ ಊರಿಗೆ ಸುಮಾರು 1500 ಮೀಟರ್ ಇಳಿತ.

ಇಳಿಯುವ ದಾರಿಗಳಿಗೆ ಬಣ್ಣಗಳಿವೆ. ಹಸಿರು ಸುಲಭ, ನೀಲಿ ಮಧ್ಯಮ, ಕಪ್ಪು ಕಠಿಣ, ಜೋಡಿ ಕಪ್ಪು ಪರಿಣತರಿಗೆ ಮಾತ್ರ. ‘ಏ-ಲೈನ್’ ಎಂಬ ಕಪ್ಪು ದಾರಿ ಜಗತ್ಪ್ರಸಿದ್ಧ. ಅದರ ತುಂಬ ಮಣ್ಣಿನ ದಿಬ್ಬಗಳು. ಒಂದರಿಂದ ಹಾರಿ ಇನ್ನೊಂದರ ಮೇಲೆ ಇಳಿಯಬೇಕು. ನಮ್ಮ ಹುಡುಗನ ಕನಸೆಲ್ಲ ಅದರ ಮೇಲೆಯೇ.

ಇದೂ ಒಂದು ಸೈಕಲ್ಲೇ?

ಬಾಡಿಗೆ ಅಂಗಡಿಯಲ್ಲಿ ಡೌನ್‌ಹಿಲ್ ಸೈಕಲ್ಲನ್ನು ಮೊದಲ ಸಲ ಹತ್ತಿರದಿಂದ ನೋಡಿದೆ. ಎಂಜಿನ್ ಇಲ್ಲದ ಮೋಟಾರ್ ಸೈಕಲ್ಲೆಂದರೆ ಸರಿಯಾದೀತು. ಮುಂದಿನ ಫೋರ್ಕು ಹ್ಯಾಂಡಲ್ಲಿನವರೆಗೂ ಎರಡು ಕಂಬಗಳಂತೆ ನಿಂತಿದೆ. ಮುಂದೆ, ಹಿಂದೆ ಎರಡೂ ಕಡೆ ಚಕ್ರ ಸುಮಾರು 200 ಮಿಲಿಮೀಟರ್ ಮೇಲೆ ಕೆಳಗೆ ಆಡುತ್ತದೆ. ಅಂದರೆ ಗೇಣಿಗೆ ಹತ್ತಿರ. ಫೋರ್ಕಿನ ಕೋನ 63 ಡಿಗ್ರಿಯ ಆಸುಪಾಸು. ಮಾಮೂಲಿ ಸೈಕಲ್ಲಿನದಕ್ಕಿಂತ ಬಹಳ ಓರೆ. ಮುಂದಿನ ಚಕ್ರ ಅಷ್ಟು ಮುಂದೆ ಚಾಚಿಕೊಂಡಿರುವುದರಿಂದ ಕಡಿದಾದ ಇಳಿಜಾರಿನಲ್ಲಿ ಸವಾರ ತಲೆಕೆಳಗಾಗುವುದಿಲ್ಲ. ತೂಕ ಹದಿನಾರು ಕಿಲೋ ಹತ್ತಿರ. ಸೀಟು ಮೊಣಕಾಲಿಗಿಂತ ತುಸು ಮೇಲೆ, ಏಕೆಂದರೆ ಅದರ ಮೇಲೆ ಕೂರುವ ಕೆಲಸವೇ ಇಲ್ಲ. ಪೆಡಲ್ ಮೇಲೆ ನಿಂತೇ ಇಳಿಯಬೇಕು. ಮುಂದೆ ಒಂದೇ ಹಲ್ಲುಚಕ್ರ, ಹಿಂದೆ ಏಳು. ಹತ್ತುವ ಗೇರುಗಳೇ ಇಲ್ಲ. ಇದನ್ನು ತುಳಿದು ಬೆಟ್ಟ ಹತ್ತುತ್ತೇನೆಂದರೆ ತುಂಬಿದ ಅಕ್ಕಿ ಮೂಟೆ ಹೊತ್ತು ಚಾಮುಂಡಿ ಬೆಟ್ಟದ ಮೆಟ್ಟಿಲು ಹತ್ತಿದಂತೆ.

“ಇಷ್ಟು ದುಡ್ಡು ಯಾತಕ್ಕೆ?” ಎಂದು ಭಾವ ಕೇಳಿದರು. ಅಂಗಡಿಯ ಮೆಕ್ಯಾನಿಕ್ ಸಾವಧಾನವಾಗಿ ವಿವರಿಸಿದ. ಅತಿ ದುಬಾರಿ ಸೈಕಲ್ಲುಗಳ ಚೌಕಟ್ಟು ಕಾರ್ಬನ್ ನಾರಿನದು. ಅಲ್ಯುಮಿನಿಯಮ್ಮಿಗಿಂತ ಹಗುರ. ಆದರೆ ಬೆಟ್ಟ ಹತ್ತಿಸುವುದು ತೂಗುಕುರ್ಚಿಯಾದ್ದರಿಂದ, ಪಂದ್ಯಕ್ಕಿಳಿಯದ ಹುಡುಗನಿಗೆ ಆ ಒಂದೆರಡು ಕಿಲೋ ದೊಡ್ಡ ಮಾತಲ್ಲ. ದುಡ್ಡು ಹಾಕಬೇಕಾದದ್ದು ಮೂರಕ್ಕೆ: ಬ್ರೇಕು, ಟಯರು, ಸಸ್ಪೆನ್ಷನ್. ಬ್ರೇಕು ನಾಲ್ಕು ಪಿಸ್ಟನ್‌ನ ಹೈಡ್ರಾಲಿಕ್ ಡಿಸ್ಕ್ ಆಗಿರಬೇಕು, ಡಿಸ್ಕಿನ ಅಡ್ಡಳತೆ 200 ಮಿಲಿಮೀಟರಿಗೆ ಕಡಿಮೆ ಇರಬಾರದು. ಟಯರಿನ ಪಕ್ಕಗಳು ಎರಡು ಪದರದ್ದಾಗಿರಬೇಕು, ಇಲ್ಲದಿದ್ದರೆ ಚೂಪು ಕಲ್ಲಿಗೆ ಸೀಳುತ್ತವೆ.

ಬ್ರೇಕು ಮೊದಲು ಎಂಬ ಮಾತಿಗೆ ಒಂದು ಹಳೆಯ ಕಥೆಯೂ ಇದೆ. ಈ ಆಟದ ತವರು ಕ್ಯಾಲಿಫೋರ್ನಿಯಾದ ಮರಿನ್ ಕೌಂಟಿ. ಅಲ್ಲಿನ ಫೇರ್‌ಫ್ಯಾಕ್ಸ್ ಊರಿನ ಪಕ್ಕದ ಬೆಟ್ಟದಲ್ಲಿ 1976ರ ಅಕ್ಟೋಬರ್ 21ರಂದು ಕೆಲವು ಗೆಳೆಯರು ಇಳಿಜಾರಿನ ಪಂದ್ಯ ಶುರುಮಾಡಿದರು. ಚಾರ್ಲಿ ಕೆಲ್ಲಿ, ಗ್ಯಾರಿ ಫಿಶರ್, ಜೋ ಬ್ರೀಜ್ ಆ ಗುಂಪಿನವರು. ಅವರ ಬಳಿ ಇದ್ದದ್ದು ಗುಜರಿಗೆ ಹೋಗಬೇಕಾಗಿದ್ದ ದಪ್ಪ ಟಯರಿನ ಹಳೆಯ ಸೈಕಲ್ಲುಗಳು. ಪೆಡಲ್ಲನ್ನು ಹಿಂದಕ್ಕೆ ತುಳಿದರೆ ಹಿಂದಿನ ಚಕ್ರ ನಿಲ್ಲುತ್ತಿತ್ತು. ಬುಡ ಮುಟ್ಟುವಷ್ಟರಲ್ಲಿ ಗುಂಬದ ಗ್ರೀಸು ಕುದಿದು ಹೊಗೆಯಾಗುತ್ತಿತ್ತು. ಪ್ರತಿ ಸಲ ಬಿಚ್ಚಿ ಹೊಸ ಗ್ರೀಸು ತುಂಬಬೇಕು. ಅದಕ್ಕೇ ಆ ದಾರಿಗೆ ‘ರೀಪ್ಯಾಕ್’ ಎಂಬ ಹೆಸರಾಯಿತು. ಮರುವರ್ಷವೇ ಜೋ ಬ್ರೀಜ್ ಬೆಟ್ಟಕ್ಕೆಂದೇ ಹೊಸ ಸೈಕಲ್ಲು ಕಟ್ಟಿದ. ಬೆಟ್ಟ ಕೇಳಿದ್ದನ್ನು ಕೊಟ್ಟ, ಅಷ್ಟೇ.

ಮೂರನೆಯ ಇಳಿತ

ಬಾಡಿಗೆ ಕೊಡುವಾಗ ಮೆಕ್ಯಾನಿಕ್ ಹುಡುಗನ ತೂಕ ಕೇಳಿದ. ಐವತ್ತೆಂಟು ಕಿಲೋ. ಅದಕ್ಕೆ ಸರಿಯಾಗಿ ಹಿಂದಿನ ಸ್ಪ್ರಿಂಗನ್ನು ಬದಲಾಯಿಸಿದ. ಸವಾರ ಮೇಲೆ ನಿಂತಾಗ ಸಸ್ಪೆನ್ಷನ್ ತನ್ನ ಆಟದಲ್ಲಿ ಸುಮಾರು ಮೂರನೇ ಒಂದು ಪಾಲು ತಗ್ಗಬೇಕಂತೆ. ಹೆಚ್ಚು ತಗ್ಗಿದರೆ ಸ್ಪ್ರಿಂಗು ಮೆದು, ಕಡಿಮೆ ತಗ್ಗಿದರೆ ಗಟ್ಟಿ. “ಬ್ರೇಕ್ ಲಿವರ್ ಬೆರಳಿಗೆ ಸಿಗುತ್ತದೆಯೇ?” ಎಂದೂ ಕೇಳಿದ. ನಮ್ಮವನು ಮುಟ್ಟಿ ನೋಡದೆಯೇ “ಸರಿಯಿದೆ” ಎಂದುಬಿಟ್ಟ. ಅವನ ಕಣ್ಣೆಲ್ಲ ಬೆಟ್ಟದ ಮೇಲೆ.

ಮೊದಲ ಇಳಿತ ಹಸಿರು ದಾರಿಯಲ್ಲಿ. ಎರಡನೆಯದೂ ಅದೇ. ಬುಡದಲ್ಲಿ ಕಾಯುತ್ತಿದ್ದ ನಮಗೆ ಕೈಬೀಸಿ ಮತ್ತೆ ಮೇಲೇರಿದ. ಮೂರನೆಯದು ನೀಲಿ ದಾರಿ. ಅರ್ಧ ಗಂಟೆಯಾದರೂ ಬರಲಿಲ್ಲ. ಮುಕ್ಕಾಲು ಗಂಟೆಯಾಯಿತು. ಅಕ್ಕ ಬೆಂಚಿನಿಂದ ಎದ್ದು ನಿಂತಳು. ನಾವು ಯಾರೂ ಮಾತಾಡಲಿಲ್ಲ. ಕಡೆಗೆ ಸೈಕಲ್ಲನ್ನು ತಳ್ಳಿಕೊಂಡು ಬಂದ, ಜೊತೆಗೆ ಗಸ್ತಿನವನೊಬ್ಬ.

ಆದದ್ದು ಇಷ್ಟು: ಲಿವರ್ ದೂರವಿತ್ತು. ಚಾಚಿದ ಬೆರಳುಗಳಿಂದ ಉದ್ದಕ್ಕೂ ಬ್ರೇಕು ಅದುಮಿಕೊಂಡೇ ಇಳಿದಿದ್ದ. ಮುಂಗೈ ಕಲ್ಲಿನಂತೆ ಬಿಗಿದು, ಒಂದು ತಿರುವಿನಲ್ಲಿ ಬೆರಳು ಮಡಚಲೇ ಇಲ್ಲ. ಸೈಕಲ್ಲು ದಾರಿ ಬಿಟ್ಟಿತು, ತಲೆ ಬೇರಿಗೆ ಬಡಿಯಿತು. ಮುಖವನ್ನೂ ಮುಚ್ಚುವ ಹೆಲ್ಮೆಟ್ಟು ಹಣೆಯ ಹತ್ತಿರ ಬಿರುಕು ಬಿಟ್ಟಿತ್ತು. ಹುಡುಗನಿಗೆ ಮೊಣಕೈ ತರಚಿದ್ದು ಬಿಟ್ಟರೆ ಏನೂ ಆಗಿರಲಿಲ್ಲ. ಗಸ್ತಿನವನು ಹೆಸರು, ವಾರ, ಎಲ್ಲಿದ್ದೇವೆ ಎಂದೆಲ್ಲ ಪ್ರಶ್ನೆ ಕೇಳಿದ್ದ. ಉತ್ತರ ಸರಿಯಾಗಿಯೇ ಬಂದಿದ್ದವು. ಆದರೂ, “ತಲೆಗೆ ಪೆಟ್ಟು ಬಿದ್ದ ದಿನ ಮತ್ತೆ ಹತ್ತುವಂತಿಲ್ಲ. ವಾಂತಿ, ತಲೆನೋವು, ಮಂಕು ಕಂಡರೆ ತಕ್ಷಣ ಆಸ್ಪತ್ರೆಗೆ ಕರೆದೊಯ್ಯಿರಿ” ಎಂದು ನಮಗೆ ಹೇಳಿದ. ಒಮ್ಮೆ ಬಿರುಕು ಬಿಟ್ಟ ಹೆಲ್ಮೆಟ್ಟು ಇನ್ನು ಕೆಲಸಕ್ಕಿಲ್ಲ. ಅದರ ಬೆಲೆಯನ್ನು ಹುಡುಗ ತನ್ನ ಗಂಟಿನಿಂದಲೇ ಕೊಟ್ಟ.

ಲೆಕ್ಕ ಹಾಕಿದ ಸಂಜೆ

ಸೈಕಲ್ಲು ಹಿಂದಿರುಗಿಸುವಾಗ ಮೆಕ್ಯಾನಿಕ್ ಬೈಯಲಿಲ್ಲ. ಸಣ್ಣ ತಿರುಪನ್ನು ತಿರುಗಿಸಿ ಲಿವರನ್ನು ಹತ್ತಿರ ತಂದು, “ಒಂದು ಬೆರಳಲ್ಲಿ ಹಿಡಿ” ಎಂದ. ಹಿಡಿಯಿತು. ಅರ್ಧ ನಿಮಿಷದ ಕೆಲಸ. ಆಮೇಲೆ ಅವನು ಕೇಳಿದ ಪ್ರಶ್ನೆಗಳನ್ನು ಸೈಕಲ್ಲು ಕೊಳ್ಳಲಿರುವ ಎಲ್ಲ ಮನೆಯವರೂ ಕೇಳಿಕೊಳ್ಳಬಹುದು. ವರ್ಷಕ್ಕೆ ಎಷ್ಟು ದಿನ ಇಲ್ಲಿಗೆ ಬರುತ್ತೀಯ? ಯಾರು ಕರೆತರುತ್ತಾರೆ? ಮಿಕ್ಕ ದಿನ ಎಲ್ಲಿ ಓಡಿಸುತ್ತೀಯ?

ಹುಡುಗ ಬೆರಳು ಮಡಚಿದ. ಶಾಲೆ, ಕೆಲಸ, ಅಪ್ಪನ ರಜೆ ಎಲ್ಲ ಕಳೆದರೆ ಹತ್ತು ದಿನ. ಮಿಕ್ಕದ್ದೆಲ್ಲ ಮನೆಯ ಹತ್ತಿರದ ಫ್ರೋಮ್ ಬೆಟ್ಟದಲ್ಲಿ. ಅಲ್ಲಿ ಬೇರು, ಬಂಡೆ, ಮಳೆಯ ಕೆಸರು ಎಲ್ಲ ಇವೆ, ತೂಗುಕುರ್ಚಿ ಇಲ್ಲ. ತುಳಿದೇ ಹತ್ತಬೇಕು. “ವರ್ಷಕ್ಕೆ ಮೂವತ್ತು ದಿನ ಇಲ್ಲಿ ಇಳಿಯುವವನಾದರೆ ಡೌನ್‌ಹಿಲ್ ಸೈಕಲ್ಲೇ ಕೊಳ್ಳು ಎನ್ನುತ್ತಿದ್ದೆ. ನಿನಗೆ ಬೇಕಾದದ್ದು ಎಂಡ್ಯೂರೋ” ಎಂದ ಮೆಕ್ಯಾನಿಕ್. ಅದರ ಸಸ್ಪೆನ್ಷನ್ ಆಟ 160–170 ಮಿಲಿಮೀಟರ್. ಹತ್ತುವ ಗೇರುಗಳಿವೆ, ಸೀಟನ್ನು ಹತ್ತುವಾಗ ಏರಿಸಿ ಇಳಿಯುವಾಗ ಇಳಿಸಬಹುದು. ಒರಟು ದಾರಿಯನ್ನೂ ತಡೆಯುತ್ತದೆ. “ಹಳೆಯದನ್ನು ಕೊಳ್ಳುವುದಾದರೆ ಬೆಸುಗೆಯ ಜಾಗದಲ್ಲಿ ಬಿರುಕು ನೋಡು, ಹಿಂದಿನ ಚಕ್ರವನ್ನು ಅಲ್ಲಾಡಿಸಿ ಕೀಲು ಸಡಿಲವೇ ನೋಡು. ಸ್ಪ್ರಿಂಗು ಬದಲಿಸಬಹುದು, ಚೌಕಟ್ಟಿನ ಅಳತೆ ಬದಲಿಸಲಾಗದು.”

ವಾಪಸು ಬರುವಾಗ ಕಾರಿನಲ್ಲಿ ಹುಡುಗ ಬಹಳ ಹೊತ್ತು ಸುಮ್ಮನಿದ್ದ. ಸ್ಕ್ವಾಮಿಷ್ ದಾಟಿದ ಮೇಲೆ ಸೈಕಲ್ಲು ಮಾರುವವನಿಗೆ ಫೋನು ಮಾಡಿ ಒಂದೇ ಪ್ರಶ್ನೆ ಕೇಳಿದ: ನಿಮ್ಮ ಎತ್ತರ ಎಷ್ಟು? ಆರಡಿ ಮೂರಂಗುಲವಂತೆ. ನಮ್ಮವನು ಐದಡಿ ಆರಂಗುಲ. ಥ್ಯಾಂಕ್ಸ್ ಹೇಳಿ ಫೋನಿಟ್ಟ. ಕಣ್ಣಲ್ಲಿ ನೀರಿತ್ತೋ ಏನೋ, ಕಿಟಕಿಯ ಕಡೆ ತಿರುಗಿ ಕೂತ. ಭಾವ ಅವನ ಹೆಗಲ ಮೇಲೆ ಕೈಯಿಟ್ಟು, “ಆ ಹತ್ತು ದಿನಾನೂ ನಾನೇ ಕರ್ಕೊಂಡು ಬರ್ತೀನಿ ಬಿಡೋ” ಎಂದರು.

ನಾನು ಮೈಸೂರಿಗೆ ಮರಳಿದ ಮೇಲೆ ಸುದ್ದಿ ಬಂತು. ತನ್ನ ಅಳತೆಯ ಹಳೆಯ ಎಂಡ್ಯೂರೋ ಕೊಂಡಿದ್ದಾನೆ. ಮಿಕ್ಕಿದ ದುಡ್ಡಿನಲ್ಲಿ ಹೊಸ ಹೆಲ್ಮೆಟ್ಟು, ಮೊಣಕಾಲಿನ ಕಾಪು, ಬೆನ್ನಿನ ಕಾಪು. ಇನ್ನೂ ಉಳಿದದ್ದು ವಿಸ್ಲರ್‌ನ ಬಾಡಿಗೆಗೆ. ಏ-ಲೈನ್ ಇನ್ನೂ ಇಳಿದಿಲ್ಲ, ಮುಂದಿನ ಬೇಸಿಗೆಗೆ ಇಟ್ಟಿದ್ದಾನೆ.

ಒಡೆದ ಹೆಲ್ಮೆಟ್ಟನ್ನು ಅಕ್ಕ ಬಿಸಾಡಿಲ್ಲ. ಗ್ಯಾರೇಜಿನಲ್ಲಿ ಸೈಕಲ್ಲಿನ ಮೇಲುಗಡೆ ಮೊಳೆ ಹೊಡೆದು ನೇತುಹಾಕಿದ್ದಾಳಂತೆ.