ನಮ್ಮ ಅಡುಗೆಗೆ ಬೋರ್ಡು ಯಾವಾಗ?



ನಮ್ಮಿಬ್ಬರಿಗೂ ಒಂದು ಚಟ. ಯಾವ ಊರಿಗೆ ಹೋದ್ರೂ ಹೆಸರೇ ಕೇಳಿರದ ಊಟ ಹುಡುಕ್ಕೊಂಡು ಹೋಗೋದು. ಸ್ನೇಹಿತರು "ಸಾಹಸಿ ಜೋಡಿ" ಅಂತ ನಗ್ತಾರೆ. ನಮಗದು ಬರೀ ನಾಲಿಗೆ ಚಪಲ ಅಲ್ಲ. ನಮ್ಮೂರ ಹೋಟೆಲಲ್ಲಿ ಅಪ್ಪನ ಲೋಟ ಹೊರಗಿನ ಗೂಡಲ್ಲಿ ಇರ್ತಿತ್ತು. ಕುಡಿದು ತಾನೇ ತೊಳೆದಿಡಬೇಕಿತ್ತು. ಹಾಗಾಗಿ ಒಳಗೆ ಹೋಗಿ, ಕುರ್ಚಿ ಎಳೆದು ಕೂತು, ಬೇಕಾದ್ದು ಕೇಳಿ ತಿನ್ನೋದೇ ನಮಗೆ ದೊಡ್ಡ ವಿಷಯ.

ಕಳೆದ ವರ್ಷ ಸಂಗಾತಿಯ ಕೆಲಸದ ಮೇಲೆ ಅಮೆರಿಕಾಕ್ಕೆ ಹೋದಾಗ ನ್ಯೂ ಆರ್ಲಿಯನ್ಸ್ ನೋಡಿದ್ವಿ. ಅಲ್ಲಿನ ಕ್ರಿಯೋಲ್ ಊಟಕ್ಕೆ ಅಂತ ಟ್ರೆಮೆ ಬಡಾವಣೆಯ ಡೂಕಿ ಚೇಸ್ ರೆಸ್ಟೋರೆಂಟ್‌ಗೆ ಹೋಗಿ ಗಂಬೋ ಹೇಳಿದ್ವಿ. ಏಡಿ, ಸೀಗಡಿ, ಕೋಳಿ, ಸಾಸೇಜು ಎಲ್ಲ ಒಂದೇ ಗಟ್ಟಿ ಸಾರಲ್ಲಿ, ಜೊತೆಗೆ ಅನ್ನ. ಒಂದು ಗುಟುಕಿಗೇ ಇವರು, "ನಮ್ಮವ್ವನ ಗದ್ದೆ ಏಡಿ ಸಾರಿಗೆ ಅಕ್ಕ ಇದ್ದಂಗಿದೆ ಕಣೇ" ಅಂದ್ರು.

ಗಂಬೋ ಅನ್ನೋ ಹೆಸರು ಬಂದಿದ್ದು ಬೆಂಡೆಕಾಯಿಗಿದ್ದ ಆಫ್ರಿಕಾದ ಮಾತಿನಿಂದ. ಗುಲಾಮರಾಗಿ ಹೊತ್ತು ತಂದ ಜನರ ಜೊತೆ ಬಂದ ಕಾಯಿ ಅದು. ಸಾರು ಗಟ್ಟಿಯಾಗಲು ಹಾಕೋ ಸಸಾಫ್ರಾಸ್ ಎಲೆಪುಡಿ ಅಲ್ಲಿನ ಮೂಲನಿವಾಸಿ ಚಾಕ್ಟಾ ಜನರದ್ದು. ಹಿಟ್ಟು ಹುರಿಯೋ ರೀತಿ ಫ್ರೆಂಚರದ್ದು. ಆದರೆ ಬಹಳ ಕಾಲ ಹೆಸರು ಹೋಗಿದ್ದು ಯಜಮಾನನ ಮನೆಗೆ. ಒಲೆ ಮುಂದೆ ಬೆಂದ ಕಪ್ಪು ಹೆಂಗಸರ ಹೆಸರು ಯಾರೂ ಬರೀಲಿಲ್ಲ.

ರೈಲಿನ ಬಿಳಿಯರ ಡಬ್ಬಿಯಲ್ಲಿ ಕೂತಿದ್ದಕ್ಕೆ 1892ರಲ್ಲಿ ಹೋಮರ್ ಪ್ಲೆಸ್ಸಿ ಬಂಧನವಾಗಿದ್ದೂ ಇದೇ ಊರಲ್ಲಿ. 1896ರಲ್ಲಿ ಅವರ ಸುಪ್ರೀಂ ಕೋರ್ಟು ಬೇರೆ ಕೂರಿಸೋದು ಸರಿ ಅಂತ ತೀರ್ಪು ಕೊಡ್ತು. ಅಂಥಾ ಊರಲ್ಲಿ, 1941ರಲ್ಲಿ ಶುರುವಾದ ಈ ಜಾಗಕ್ಕೆ ಸೊಸೆಯಾಗಿ ಬಂದ ಲಿಯಾ ಚೇಸ್ ಅದನ್ನ ಮರ್ಯಾದೆಯಿಂದ ಕೂತು ಉಣ್ಣೋ ರೆಸ್ಟೋರೆಂಟ್ ಮಾಡಿದ್ರು. ಗೋಡೆ ತುಂಬ ಕಪ್ಪು ಕಲಾವಿದರ ಚಿತ್ರ. ಕಪ್ಪು, ಬಿಳಿ ಜನ ಒಟ್ಟಿಗೆ ಉಣ್ಣೋದು ಕಾನೂನಿಗೆ ವಿರುದ್ಧವಾಗಿದ್ದ ಕಾಲದಲ್ಲಿ ಮಹಡಿ ಮೇಲೆ ಹೋರಾಟಗಾರರ ಸಭೆ, ಎಲ್ಲರಿಗೂ ಗಂಬೋ. ಮಾರ್ಟಿನ್ ಲೂಥರ್ ಕಿಂಗ್ ಕೂಡ ಇಲ್ಲಿಗೆ ಬಂದವರೇ. 2019ರಲ್ಲಿ ತೀರಿಕೊಂಡಾಗ ಆಕೆಗೆ 96 ವರ್ಷ.

ನಮಗೂ ಇಂಥ ಚರಿತ್ರೆ ಇದೆ. ಕೊಲ್ಹಾಪುರದ ಗಂಗಾರಾಮ್ ಕಾಂಬಳೆ ಹೋಟೆಲ್ ಇಟ್ಟಾಗ ಮುಟ್ಟಿಸಿಕೊಳ್ಳದ ಜನ ಅತ್ತ ತಿರುಗಿ ನೋಡಲಿಲ್ಲ. ಶಾಹು ಮಹಾರಾಜರೇ ಗಾಡಿ ನಿಲ್ಲಿಸಿ ಅಲ್ಲಿ ಚಹಾ ಕುಡಿದ್ರು. ಆದರೆ ಒಬ್ಬ ರಾಜ ಕುಡಿದ ಒಂದು ಕಪ್ಪು ಚಹಾ ಎಷ್ಟು ದಿನ ಸಾಕಾಗುತ್ತೆ?

ಇವತ್ತು ಬೆಂಗಳೂರಲ್ಲಿ ಬ್ರಾಹ್ಮಣರ ಹೋಟೆಲ್, ಲಿಂಗಾಯತ ಖಾನಾವಳಿ, ಗೌಡ್ರ ಮುದ್ದೆ ಊಟ ಅಂತ ಬೋರ್ಡು ಕಾಣ್ತೀವಿ. ಹೊಲೇರ ಮನೆ ಊಟ, ಮಾದಿಗರ ಮನೆ ಊಟ ಅಂತ ಎಲ್ಲಾದ್ರೂ ಓದಿದ್ದೀರಾ? ನಮ್ಮ ಬಾಡು, ರಕ್ತದ ಪಲ್ಯ, ಒಣಗಿಸಿದ ಕೊರಬಾಡು ರುಚಿ ಇಲ್ಲದೇ ಅಲ್ಲ. ಬಾಡಿಗೆ ಮನೇಲಿ ಕಿಟಕಿ ಮುಚ್ಚಿ ಬೇಯಿಸ್ತಿದ್ದೀವಿ, ಅಷ್ಟೇ.

ಅವ್ವಂದಿರ ಕೈ ಅಡುಗೆ ಬರೆದಿಡಿ. ಹೆಸರು ಹಾಕಿ ಬರೆದಿಡಿ. ದುಡ್ಡು ಕೂಡಿಸಬಲ್ಲವರು ಹೋಟೆಲ್ ಇಡಿ, ಬೋರ್ಡು ದೊಡ್ಡದಾಗಿ ಬರೆಸಿ. ಮಹಡಿ ಮೇಲೊಂದು ಕೋಣೆ ಸಭೆಗೆ ಇರಲಿ. ಉಣ್ಣೋಕೆ ನಾವೆಲ್ಲ ಬರ್ತೀವಿ.