ಐದು ತಾಲ್ಲೂಕು, ಐದು ಪದರ

ನೀವು ಮೆಚ್ಚುವ ಒಬ್ಬ ಹಳ್ಳಿ ಕಲಾವಿದರಿಗೆ ಅಭಿಮಾನಿಯಾಗಿ ಏನು ಉಡುಗೊರೆ ಕೊಡ್ತೀರಿ? ಶಾಲು, ಹಾರ, ಹಣ್ಣಿನ ಬುಟ್ಟಿ, ಹೆಚ್ಚೆಂದರೆ ಹೆಸರು ಬರೆಸಿದ ಒಂದು ಗಾಜಿನ ಫಲಕ. ನನ್ನ ಮೆಚ್ಚಿನ ದೊಡ್ಡಾಟದ ಮಾಸ್ತರ ಮನೆಯಲ್ಲಿ ಇವೆಲ್ಲ ಒಂದು ಟ್ರಂಕ್ ತುಂಬಾ ಇವೆ. ಶಾಲುಗಳನ್ನು ಮೊಮ್ಮಕ್ಕಳು ಹೊದ್ದು ಮಲಗ್ತಾರೆ.

ಮಾಸ್ತರು ಹಗರಿಬೊಮ್ಮನಹಳ್ಳಿ ತಾಲ್ಲೂಕಿನವರು. ಚಿಕ್ಕವನಿದ್ದಾಗ ಅಜ್ಜಿ ಊರಲ್ಲಿ ಕಂಬಳಿ ಹೊದ್ದು ಬೆಳಗಾಗುವ ತನಕ ಅವರ ಆಟ ನೋಡಿದ್ದೇನೆ. ಕಿರೀಟ, ಭುಜಕೀರ್ತಿ ಹೊತ್ತು ಅವರು ಅಟ್ಟಕ್ಕೆ ಬಂದರೆ ಅಟ್ಟದ ಹಲಗೆ ಸದ್ದು ಮಾಡುತ್ತಿತ್ತು. ಈಗ ಮೂರು ವರ್ಷದಿಂದ ಅವರು ಅಟ್ಟ ಹತ್ತಿಲ್ಲ. "ಕಾಲು ಕೈಕೊಟ್ಟಾವ ತಮ್ಮಾ. ಆಟ ಹೋದ್ರ ಹೋಗ್ಲಿ, ಆಡಿದ ಊರು ನೋಡದಂಗ ಆಗೇತಿ" ಅಂದರು ಕಳೆದ ದೀಪಾವಳಿಗೆ ಹೋದಾಗ.

ಆ ಮಾತು ತಲೆಯಲ್ಲಿ ಉಳಿಯಿತು. ಅವರು ಆಟ ಆಡಿದ್ದೆಲ್ಲ ಕೂಡ್ಲಿಗಿ, ಕೊಟ್ಟೂರು, ಹರಪನಹಳ್ಳಿ, ಹಡಗಲಿ, ಹಗರಿಬೊಮ್ಮನಹಳ್ಳಿ ಸುತ್ತಲೇ. ಆ ಊರುಗಳನ್ನು ಅವರ ಮನೆಗೇ ತಂದುಕೊಟ್ಟರೆ? ಫೋಟೊ ಫ್ರೇಮ್ ಬೇಡ ಅನಿಸಿತು. ಕಾಗದದಲ್ಲಿ ಒಂದೊಂದು ಊರನ್ನು ಒಂದೊಂದು ಪದರವಾಗಿ ಕತ್ತರಿಸಿ, ಒಂದರ ಹಿಂದೊಂದು ನಿಲ್ಲಿಸಿ, ಹಿಂದಿನಿಂದ ಬೆಳಕು ಬಿಡುವ ನೆರಳಿನ ಪೆಟ್ಟಿಗೆ ಮಾಡೋಣ ಅಂತ ನಿರ್ಧರಿಸಿದೆ. ಹರಿ–ದೀಪ್ತಿ ಎಂಬ ಕಲಾವಿದ ಜೋಡಿ ಇಂಥ ಪೆಟ್ಟಿಗೆಗಳಿಂದಲೇ ಹೆಸರು ಮಾಡಿದೆ. ಹಾಗಂತ ಇದು ನಮಗೆ ತೀರಾ ಹೊಸದೇನಲ್ಲ. ನಮ್ಮ ತೊಗಲುಗೊಂಬೆ ಇನ್ನೇನು? ತೊಗಲನ್ನು ಬೆಳಕು ಹಾಯುವಷ್ಟು ತೆಳ್ಳಗೆ ಹೆರೆದು, ಬಣ್ಣ ಹಾಕಿ, ಒಡವೆ ಇರುವ ಕಡೆ ಸಣ್ಣ ಸಣ್ಣ ತೂತು ಕೊರೆದು, ಪರದೆಯ ಹಿಂದೆ ದೀಪ ಇಡ್ತಾರೆ. 2023ರಲ್ಲಿ ತೀರಿಕೊಂಡ ಬಳ್ಳಾರಿಯ ಬೆಳಗಲ್ಲು ವೀರಣ್ಣನವರು ಅದೇ ಬೆಳಕಿನಲ್ಲಿ ಗಾಂಧೀಜಿಯ ಬದುಕನ್ನೂ ತೋರಿಸಿದ್ದರು.

ಡಿಸೆಂಬರ್‌ನಲ್ಲಿ ಎರಡು ದಿನ ರಜೆ ಹಾಕಿ ಬೈಕ್ ಹತ್ತಿದೆ. ಜೊತೆಗೆ ಒಂದು ಸ್ಕೆಚ್ ಪುಸ್ತಕ. ನೋಡಿದ್ದನ್ನೆಲ್ಲ ಬರೆಯೋಕೆ ಆಗಲ್ಲ, ಪ್ರತಿ ತಾಲ್ಲೂಕಿಗೆ ಒಂದೇ ಹಾಳೆ ಅಂತ ನಿಯಮ ಮಾಡಿಕೊಂಡೆ.

ಮೊದಲು ಕೂಡ್ಲಿಗಿ. ಈ ತಾಲ್ಲೂಕಿನ ಗುಡೇಕೋಟೆಯಲ್ಲಿ ಬಂಡೆ ಮೇಲೆ ಬಂಡೆ, ಅದರ ಮೇಲೆ ಕೋಟೆ. ಸುತ್ತಲಿನ ಕಾಡು 2013ರಲ್ಲಿ ಕರಡಿಧಾಮವಾಯಿತು. ನನಗೆ ಕರಡಿ ಕಾಣಲಿಲ್ಲ. ಆದರೆ ಸಂಜೆ ಹೊತ್ತಿಗೆ ಬಂಡೆಗಳೆಲ್ಲ ಕಪ್ಪಾದಾಗ ಪ್ರತಿಯೊಂದೂ ಕರಡಿ ಥರಾನೇ ಕಂಡಿತು. ಅದೇ ನನ್ನ ಮೊದಲ ಪದರ, ಎಲ್ಲಕ್ಕಿಂತ ಮುಂದೆ, ಅಚ್ಚ ಕಪ್ಪು ಕಾಗದದಲ್ಲಿ.

ಎರಡನೆಯದು ಕೊಟ್ಟೂರು. ಜಾತ್ರೆ ಮಾಘ ಮಾಸದಲ್ಲಿ. ದಾವಣಗೆರೆ ಕಡೆಯಿಂದ ಜನ ನಡೆದೇ ಬರ್ತಾರೆ. ಈಗ ಬಟ್ಟೆ, ಬಾವುಟ ಏನೂ ಇಲ್ಲದೆ ಕೊಟ್ಟೂರೇಶ್ವರನ ತೇರು ಬರೀ ಮರದ ಮೈಯಲ್ಲಿ ನಿಂತಿತ್ತು. 2017ರ ಫೆಬ್ರುವರಿಯಲ್ಲಿ ಎಳೆಯುವಾಗಲೇ ತೇರು ಉರುಳಿತ್ತು. ಮಿರ್ಚಿ ಅಂಗಡಿಯಾತನನ್ನು ಕೇಳಿದರೆ, "ಅವತ್ತು ಊರಾಗ ಒಲಿ ಹಚ್ಚಾಕ ಯಾರಿಗೂ ಮನಸ್ಸಾಗಲಿಲ್ರಿ" ಅಂದ. ಅಷ್ಟೇ ಹೇಳಿ ಮಂಡಕ್ಕಿ ಪೊಟ್ಟಣ ಕೈಗಿಟ್ಟ.

ಹರಪನಹಳ್ಳಿಗೆ ಬಂದಾಗ ಮಧ್ಯಾಹ್ನ. ಈ ತಾಲ್ಲೂಕಿನಷ್ಟು ವಿಳಾಸ ಬದಲಿಸಿದವರು ಕಡಿಮೆ. ಬಳ್ಳಾರಿಯಲ್ಲಿದ್ದದ್ದು 1997ರಲ್ಲಿ ದಾವಣಗೆರೆಗೆ ಹೋಯಿತು, 2018ರಲ್ಲಿ ಮತ್ತೆ ಬಳ್ಳಾರಿಗೆ ಬಂತು, 2021ರಲ್ಲಿ ಉಳಿದ ನಾಲ್ಕರ ಜೊತೆ ವಿಜಯನಗರ ಜಿಲ್ಲೆ ಸೇರಿತು. ಪಕ್ಕದ ಬಾಗಳಿಯಲ್ಲಿ ಕಲ್ಯಾಣ ಚಾಲುಕ್ಯರ ಕಾಲದ ಕಲ್ಲೇಶ್ವರ ಗುಡಿ ಮಾತ್ರ ಇದ್ದಲ್ಲೇ ಇದೆ. ಮಂಟಪದ ಕಂಬಗಳ ನಡುವೆ ನಿಂತರೆ ಕಂಬದ ಹಿಂದೆ ಕಂಬ, ಅದರಾಚೆ ಬಿಸಿಲು. ಪೆಟ್ಟಿಗೆ ಹೇಗಿರಬೇಕು ಅನ್ನೋದು ನನಗೆ ಸರಿಯಾಗಿ ಅರ್ಥವಾಗಿದ್ದು ಅಲ್ಲೇ. ಮೂರನೇ ಪದರಕ್ಕೆ ಆ ಕಂಬಗಳು.

ಹೂವಿನ ಹಡಗಲಿಯಲ್ಲಿ ಮಲ್ಲಿಗೆ ಬರೆಯೋದು ಸುಲಭ. ಹಡಗಲಿ ಮಲ್ಲಿಗೆಗೆ ಜಿಐ ಮಾನ್ಯತೆಯೂ ಇದೆ. ಆದರೆ ಡಿಸೆಂಬರ್ ಹೂವಿನ ಸುಗ್ಗಿ ಅಲ್ಲ. ಅದಕ್ಕೇ ಮೈಲಾರಕ್ಕೆ ಹೋದೆ. ಭರತ ಹುಣ್ಣಿಮೆ ಹೊತ್ತಿನ ಜಾತ್ರೆಯಲ್ಲಿ ಗೊರವಯ್ಯ ಎತ್ತರದ ಬಿಲ್ಲನ್ನೇರಿ ಕಾರಣಿಕ ನುಡಿಯುವ ಬಯಲು ಖಾಲಿ ಹೊಡೆಯುತ್ತಿತ್ತು. ಅಷ್ಟು ಸಾವಿರ ಜನ ಒಂದೇ ಒಂದು ಸಾಲಿಗಾಗಿ ಉಸಿರು ಬಿಗಿಹಿಡಿದು ನಿಲ್ಲುವ ಜಾಗ ಅದು. ನಾಲ್ಕನೇ ಹಾಳೆಯಲ್ಲಿ ಜನರನ್ನು ಬಿಟ್ಟೆ. ಒಂದು ಬಿಲ್ಲು, ಅದರ ತುದಿಯಲ್ಲಿ ಒಬ್ಬ ಗೊರವಯ್ಯ, ಅಂಚಿಗೆ ಒಂದು ಮಲ್ಲಿಗೆ ಬಳ್ಳಿ.

ಕೊನೆಗೆ ಹಗರಿಬೊಮ್ಮನಹಳ್ಳಿ ತಾಲ್ಲೂಕಿನ ಅಂಕಸಮುದ್ರ. ಊರವರ ಹೊಲಕ್ಕೆ ನೀರು ಕೊಡಲು ಯಾವ ಕಾಲದಲ್ಲೋ ಕಟ್ಟಿದ ಕೆರೆ. 2024ರಲ್ಲಿ ರಾಮ್ಸರ್ ತಾಣಗಳ ಪಟ್ಟಿ ಸೇರಿತು. ನೀರಲ್ಲಿ ನಿಂತ ಜಾಲಿ ಮರಗಳ ತುಂಬಾ ಕೊಕ್ಕರೆ, ನೀರುಕಾಗೆ. ಬೆಳಗಿನ ಬಿಸಿಲು ಹಿಂದಿನಿಂದ ಬಿದ್ದಾಗ ಮರ ಯಾವುದು, ಹಕ್ಕಿ ಯಾವುದು ಗೊತ್ತಾಗಲಿಲ್ಲ. ಇದು ಮಾಸ್ತರ ಸ್ವಂತ ತಾಲ್ಲೂಕು. ಹಾಗಾಗಿ ಬೆಳಕಿಗೆ ಎಲ್ಲಕ್ಕಿಂತ ಹತ್ತಿರದ ಪದರ ಇದಕ್ಕೇ.

ಬೆಂಗಳೂರಿಗೆ ಬಂದು ಕೆಲಸ ಶುರು. ಮಾಡಬೇಕು ಅನ್ನುವವರಿಗೆ ಲೆಕ್ಕ ಹೇಳಿಬಿಡ್ತೀನಿ: ಎ4 ಅಳತೆಯ 220 ಜಿಎಸ್‌ಎಂ ಕಾರ್ಡ್ ಶೀಟ್ ಐದು. ಮುಂದಿನದು ಕಪ್ಪು, ಹಿಂದಕ್ಕೆ ಹೋದಂತೆ ತಿಳಿ ಬಣ್ಣ. ಪ್ರತಿ ಹಾಳೆಯ ಸುತ್ತ ಒಂದೇ ಅಗಲದ ಅಂಚು ಬಿಡಬೇಕು. ಎರಡು ಹಾಳೆಗಳ ನಡುವೆ 5 ಮಿ.ಮೀ. ದಪ್ಪದ ಸನ್‌ಬೋರ್ಡ್ ಪಟ್ಟಿ ಎರಡೆರಡು. ಅಂದರೆ 10 ಮಿ.ಮೀ. ಅಂತರ. ಅಂತರ ಇಲ್ಲದಿದ್ದರೆ ಆಳ ಕಾಣಲ್ಲ. ಕೊನೆಗೆ ಬಟರ್ ಪೇಪರ್, ಅದರ ಹಿಂದೆ ಯುಎಸ್‌ಬಿಗೆ ಸಿಕ್ಕಿಸುವ 5 ವೋಲ್ಟ್‌ನ ಹಳದಿ ಎಲ್‌ಇಡಿ ಪಟ್ಟಿ. ಬಟರ್ ಪೇಪರ್ ಇದ್ದರೆ ಬಲ್ಬಿನ ಚುಕ್ಕೆಗಳು ಕಾಣದೆ ಬೆಳಕು ಎಲ್ಲ ಕಡೆ ಹರಡುತ್ತೆ. ಮೊಬೈಲ್ ಚಾರ್ಜರ್ ಸಾಕು.

ಒಂದು ಸಂಗತಿ ಮುಖ್ಯ. ಕತ್ತರಿಸಿದ ಮೇಲೆ ಉಳಿಯುವ ಪ್ರತಿ ಚೂರೂ ಎಲ್ಲಾದರೂ ಅಂಚಿಗೆ ಅಂಟಿಕೊಂಡಿರಬೇಕು, ಇಲ್ಲದಿದ್ದರೆ ಉದುರಿಹೋಗುತ್ತೆ. ಆಕಾಶದಲ್ಲಿ ಒಂಟಿ ಹಕ್ಕಿ ಹಾರಿಸೋಕೆ ಆಗಲ್ಲ, ಅದರ ರೆಕ್ಕೆ ಒಂದು ಕೊಂಬೆಗೆ ತಾಗಲೇಬೇಕು. ಗೊರವಯ್ಯನ ಕಾಲು ಬಿಲ್ಲಿಗೆ, ಬಿಲ್ಲು ನೆಲಕ್ಕೆ, ನೆಲ ಅಂಚಿಗೆ. ಆಫೀಸ್ ಮುಗಿಸಿ ದಿನಾ ರಾತ್ರಿ ಎರಡು ಗಂಟೆ ಕೂತು ಮೂರು ವಾರದಲ್ಲಿ ಮುಗಿಸಿದೆ. ಖರ್ಚು 600 ರೂಪಾಯಿ ದಾಟಲಿಲ್ಲ.

ಸಂಕ್ರಾಂತಿಗೆ ಒಯ್ದು ಕೊಟ್ಟೆ. ಕೋಣೆಯ ಲೈಟ್ ಆರಿಸಿ ಪೆಟ್ಟಿಗೆ ಹಚ್ಚಿದಾಗ ಮಾಸ್ತರು ತುಸು ಹೊತ್ತು ಮಾತಾಡಲಿಲ್ಲ. ಆಮೇಲೆ ಬೆರಳಿಟ್ಟು ಒಂದೊಂದೇ ಪದರ ತೋರಿಸುತ್ತಾ ಹೋದರು. "ಇದು ಗುಡೇಕೋಟಿ. ಇಲ್ಲಿ ಮಳಿ ಬಂದು ಆಟ ಅರ್ಧಕ್ಕ ನಿಂತಿತ್ತು. ಇದು ಕೊಟ್ಟೂರು..." ಹತ್ತು ವರ್ಷದ ಮೊಮ್ಮಗ ಪಕ್ಕದಲ್ಲೇ ಕೂತಿದ್ದ. ಇವನಿಗೆ ತಾತ ವೇಷ ಕಟ್ಟಿದ್ದು ನೋಡಿದ ನೆನಪೇ ಇಲ್ಲವಂತೆ.

"ಎಲ್ಲಾ ಐತಿ, ಅಟ್ಟ ಎಲ್ಲೈತಿ?" ಅಂದರು ಮಾಸ್ತರು.

"ಈ ಪೆಟ್ಟಿಗೇನೇ ಅಟ್ಟ ಅನ್ಕೊಳ್ರಿ ಮಾಸ್ತರ" ಅಂದೆ.

ದೊಡ್ಡಾಟದಲ್ಲಿ ಯಾವ ಪಾತ್ರ ಬಂದರೂ ಸಾರಥಿ ಮೊದಲು ನೀವು ಯಾರು, ಎಲ್ಲಿಯವರು ಅಂತ ಕೇಳ್ತಾನೆ. ಹುಡುಗ ಅದನ್ನೇ ಕೇಳಿದ: "ತಾತಾ, ಇಲ್ಲಿ ನೀ ಯಾವ ವೇಷ ಕಟ್ಟಿದ್ದೀ?" ಮಾಸ್ತರು ಗೋಡೆಗೆ ಒರಗಿ ಕೂತು ಗಂಟಲು ಸರಿಮಾಡಿಕೊಂಡರು. ಊಟಕ್ಕೆ ಕರೆದರೂ ಇಬ್ಬರೂ ಏಳಲಿಲ್ಲ.