ಚಿಕ್ಕಪ್ಪನ ಸಹಿ

ತುಂಬಾ ದಿನದಿಂದ ಬರೀಬೇಕು ಅಂದುಕೊಂಡು ಮುಂದೂಡುತ್ತಲೇ ಬಂದಿದ್ದೆ. ಮೊನ್ನೆ ಹಲಸೂರಿನ ಚಿಕ್ಕಮ್ಮನ ಮನೆಗೆ ಹೋದಾಗ ಬೀರುವಿನಲ್ಲಿ ಆ ಪುಟ್ಟ ಟೋಕನ್ ಮತ್ತೆ ಕಣ್ಣಿಗೆ ಬಿತ್ತು, ಇವತ್ತು ಬರೆದೇ ಬಿಡೋಣ ಅನ್ನಿಸಿತು.

ಚಿಕ್ಕಪ್ಪ ಕೆ.ಆರ್.ಪುರಂ ಕಡೆ ಪಾಲುದಾರರೊಬ್ಬರ ಜೊತೆ ರಟ್ಟಿನ ಡಬ್ಬಿ ಮಾಡುವ ಸಣ್ಣ ಕಾರ್ಖಾನೆ ಇಟ್ಟಿದ್ದರು. ಹೆಸರಿಗೆ ಪ್ರೈವೇಟ್ ಲಿಮಿಟೆಡ್, ಇಬ್ಬರೂ ಡೈರೆಕ್ಟರುಗಳು. ಹಲಸೂರಿನಿಂದ ಹಳೇ ಮದರಾಸು ರಸ್ತೆಯ ಟ್ರಾಫಿಕ್ಕಿನಲ್ಲಿ ಬಸ್ಸಲ್ಲೇ ಹೋಗಿಬರುತ್ತಿದ್ದ ಮನುಷ್ಯ. 2022ರ ದೀಪಾವಳಿ ಮುಗಿಯುತ್ತಿದ್ದಂತೆ ಆಸ್ಪತ್ರೆ ಸೇರಿದರು, ಮನೆಗೆ ವಾಪಸ್ ಬರಲಿಲ್ಲ.

ಹದಿಮೂರನೇ ದಿನ ಕಳೆದ ಮೇಲೆ ಚಿಕ್ಕಮ್ಮ "ಇಂದಿರಾನಗರದಲ್ಲೇ ಅಲ್ವೇನೋ ನಿನ್ನ ಆಫೀಸು, ಆಡಿಟರ್ ಹತ್ರ ಇರೋ ಕಾಗದ ಎಲ್ಲಾ ಇಸ್ಕೊಂಡು ಬಾ" ಅಂದರು. ಹೋದೆ. ಆಡಿಟರ್ ತುಂಬಾ ಬೇಜಾರು ಮಾಡಿಕೊಂಡರು, ಕಾಫಿ ತರಿಸಿದರು, ಡ್ರಾಯರಿನಿಂದ ಒಂದು ಹಳೇ ಸ್ವೀಟ್ ಬಾಕ್ಸ್ ತೆಗೆದರು. ಅದರ ತುಂಬಾ ಡಿಜಿಟಲ್ ಸಹಿಯ ಟೋಕನ್‌ಗಳು, ಕಡಿಮೆಯೆಂದರೂ ನಲವತ್ತು! ಪ್ರತಿಯೊಂದಕ್ಕೂ ಬಿಳಿ ಚೀಟಿ ಅಂಟಿಸಿದೆ. ಚೀಟಿಯಲ್ಲಿ ಹೆಸರು, ಅದರ ಕೆಳಗೆ ಪಿನ್ನು. ಬಹುಪಾಲು ಪಿನ್ನುಗಳು ಒಂದರಿಂದ ಎಂಟರವರೆಗೆ ಸಾಲಾಗಿ..

ಕಂಪ್ಯೂಟರ್ ಸುರಕ್ಷತೆಯ ಕೆಲಸದಲ್ಲೇ ಹೊಟ್ಟೆ ಹೊರೆಯುವ ನನಗೆ ಎದೆ ಝಲ್ ಅಂತು. ಶಿವಾಜಿನಗರದ ಫುಟ್‌ಪಾತಿನಲ್ಲಿ ನಕಲಿ ಬೀಗದ ಕೈ ಮಾಡುವವರ ಹತ್ತಿರ ಗೊಂಚಲು ಗೊಂಚಲು ಕೀಲಿ ನೇತಾಡುತ್ತವಲ್ಲ, ಅವು ಯಾವ ಬಾಗಿಲಿನವು ಅಂತ ಅವರಿಗೂ ಗೊತ್ತಿರಲ್ಲ. ಇಲ್ಲಿ ಬಾಗಿಲಿನ ವಿಳಾಸವೂ ಜೊತೆಗೇ ಇತ್ತು.

ಇದರ ಕೆಲಸ ಹೇಗೆ ಅಂತ ಸ್ವಲ್ಪ ಹೇಳಿಬಿಡ್ತೀನಿ. ಡಿಜಿಟಲ್ ಸಹಿಗೆ ಎರಡು ಕೀಲಿ. ಒಂದನ್ನು ಸರ್ಟಿಫಿಕೇಟಿನಲ್ಲಿ ಹಾಕಿ ಊರಿಗೆಲ್ಲಾ ಹಂಚಬಹುದು. ಇನ್ನೊಂದು ಖಾಸಗಿ. ಅದು ಹುಟ್ಟುವುದೇ ಟೋಕನ್ನಿನ ಚಿಪ್ಪಿನೊಳಗೆ, ಹೊರಗೆ ಕಾಪಿ ಮಾಡಲು ಬಿಡುವುದಿಲ್ಲ. ಬಹಳ ಗಟ್ಟಿ ವ್ಯವಸ್ಥೆ. ಆದರೆ ಟೋಕನ್ನು, ಪಿನ್ನು ಎರಡೂ ಯಾರ ಕೈಯಲ್ಲಿದೆಯೋ ಕಂಪ್ಯೂಟರಿನ ಲೆಕ್ಕದಲ್ಲಿ ಅವರೇ ನೀವು. 2000ದ ಮಾಹಿತಿ ತಂತ್ರಜ್ಞಾನ ಕಾಯ್ದೆ ಇದಕ್ಕೆ ಶಾಯಿಯ ಸಹಿಯಷ್ಟೇ ಬೆಲೆ ಕೊಟ್ಟಿದೆ. ಖಾಸಗಿ ಕೀಲಿಯನ್ನು ಕಾಪಾಡುವ ಹೊಣೆ ಸಹಿಯ ಒಡೆಯನದೇ, ಅದು ಕೈತಪ್ಪಿದರೆ ಸರ್ಟಿಫಿಕೇಟ್ ಕೊಟ್ಟವರಿಗೆ ತಿಳಿಸುವ ತನಕ ಆಗುವುದಕ್ಕೆಲ್ಲಾ ಅವನೇ ಬಾಧ್ಯ ಅಂತ ಅದರ 42ನೇ ಸೆಕ್ಷನ್ ಹೇಳುತ್ತೆ. ಪಾಪ, ಚಿಕ್ಕಪ್ಪನಿಗೆ ಇದನ್ನು ಯಾರೂ ಹೇಳಿರಲಿಕ್ಕಿಲ್ಲ. ಮನೆಯವನಾದ ನಾನೂ ಹೇಳಿರಲಿಲ್ಲ.

ಮನೆಗೆ ಬಂದು ಫೈಲುಗಳನ್ನು ತೆರೆದು ನೋಡಿದೆ. ಆ ವರ್ಷದ ಲೆಕ್ಕಪತ್ರದ ಫಾರಂ, ಕೆಳಗೆ ಚಿಕ್ಕಪ್ಪನ ಡಿಜಿಟಲ್ ಸಹಿ. ಅಭ್ಯಾಸಬಲ ನೋಡಿ, ಸಹಿಯ ಮೇಲೆ ಒತ್ತಿ ಸಮಯ ನೋಡಿದೆ. ಅಕ್ಟೋಬರ್ 29, ಸಂಜೆ ನಾಲ್ಕು ಗಂಟೆ ಚಿಲ್ಲರೆ. ಆ ಸಂಜೆ ನಾನು ಐಸಿಯು ಬಾಗಿಲಲ್ಲಿ ನಿಂತಿದ್ದೆ. ಚಿಕ್ಕಪ್ಪ ವೆಂಟಿಲೇಟರ್ ಮೇಲಿದ್ದರು.

ಮಾರನೇ ದಿನ ಆಡಿಟರ್ ಹತ್ತಿರ ಹೋಗಿ ಕೇಳಿದೆ. "ಪ್ರತಿ ವರ್ಷ ನಾವೇ ಹಾಕ್ತಿದ್ವಲ್ಲಪ್ಪಾ, ಕಡೇ ದಿನ ಬಂದಿತ್ತು. ತಪ್ಪಿದ್ರೆ ದಿನಕ್ಕೆ ನೂರು ರೂಪಾಯಿ ಬೀಳುತ್ತೆ. ನಿಮ್ಮ ಚಿಕ್ಕಪ್ಪನೇ ಬೈತಿದ್ರು" ಅಂದರು. ಅದೂ ಸುಳ್ಳಲ್ಲ, ಚಿಕ್ಕಪ್ಪ ನಿಜಕ್ಕೂ ಬೈತಿದ್ದರು :) ಆದರೆ ಆ ಲೆಕ್ಕಪತ್ರದಲ್ಲಿ ಚಿಕ್ಕಪ್ಪ ಕಂಪನಿಗೆ ಕೊಟ್ಟ ಕೈಸಾಲ ನಾಲ್ಕು ಲಕ್ಷ ಅಂತಿತ್ತು. ಅವರ ಡೈರಿಯಲ್ಲಿ ಆರು. ಪಾಲುದಾರರನ್ನು ಕೇಳಿದರೆ "ಅವರೇ ಸೈನ್ ಮಾಡಿದಾರಲ್ಲ" ಅಂದುಬಿಟ್ಟರು.

ಆ ಮಾತಿಗೆ ಚಿಕ್ಕಮ್ಮ ಏನೂ ಹೇಳದೆ ನನ್ನ ಮುಖ ನೋಡಿದರು. ಆಸ್ಪತ್ರೆಯ ಕೇಸ್ ಶೀಟನ್ನೂ ಸಹಿಯ ಸಮಯವನ್ನೂ ಅಕ್ಕಪಕ್ಕ ಇಟ್ಟು ತೋರಿಸಿದ ಮೇಲೆ ದನಿ ಇಳಿಯಿತು. ದುಡ್ಡು ಬಂತು, ಕಂತಿನಲ್ಲಿ. ಮೋಸವೋ ಗುಮಾಸ್ತರ ಬೆರಳು ತಪ್ಪಿದ್ದೋ ನನಗೆ ಇವತ್ತಿಗೂ ಗೊತ್ತಿಲ್ಲ. ಚಿಕ್ಕಪ್ಪ ಒಮ್ಮೆ ಕಣ್ಣಾಡಿಸಿದ್ದರೆ ಅಲ್ಲೇ ಹಿಡಿಯುತ್ತಿದ್ದರು ಅನ್ನೋದು ಮಾತ್ರ ಗೊತ್ತು.

ಆಡಿಟರನ್ನು ಬೈಯುವ ಮುಂಚೆ ನನ್ನದೂ ಒಂದು ಹೇಳಬೇಕು. ಅದೇ ವಾರ ನಮ್ಮ ಆಫೀಸಿನ ಶೇರ್ಡ್ ಫೋಲ್ಡರ್ ಜಾಲಾಡಿದಾಗ ವೆಬ್‌ಸೈಟಿನ ಸರ್ಟಿಫಿಕೇಟು ಖಾಸಗಿ ಕೀಲಿ ಸಮೇತ ಬಿದ್ದಿತ್ತು. ಪಾಸ್‌ವರ್ಡು ಫೈಲಿನ ಹೆಸರಿನಲ್ಲೇ ಇತ್ತು. ಇಟ್ಟವನು? ನಾನೇ, ಎರಡು ವರ್ಷದ ಹಿಂದೆ, "ಆಮೇಲೆ ತೆಗೆದರಾಯ್ತು" ಅಂತ. ಯಾರ್ಯಾರು ಕಾಪಿ ಮಾಡಿಕೊಂಡಿದ್ದಾರೋ ಹೇಳೋಕಾಗಲ್ಲ. ಫೈಲು ಅಳಿಸಿದರೆ ಸಾಲದು. ಹೊಸ ಕೀಲಿ ಮಾಡಿ ಹಳೇ ಸರ್ಟಿಫಿಕೇಟನ್ನು ರದ್ದು ಮಾಡಿಸಿದೆ. ಮ್ಯಾನೇಜರಿಗೆ ಹೇಳುವಾಗ ನಾಲಿಗೆ ಒಣಗಿತ್ತು.

ದೊಡ್ಡವರ ಮನೆಯಲ್ಲೂ ಹೀಗಾಗಿದೆ. 2014ರ ಜುಲೈನಲ್ಲಿ ನಮ್ಮ ಕೇಂದ್ರ ಸರ್ಕಾರದ ಎನ್‌ಐಸಿಯ ಸರ್ಟಿಫಿಕೇಟ್ ವಿಭಾಗದಿಂದ ಗೂಗಲ್, ಯಾಹೂ ವಿಳಾಸಗಳಿಗೆ ಅವರ ಅಪ್ಪಣೆಯಿಲ್ಲದ ಸರ್ಟಿಫಿಕೇಟುಗಳು ಹೊರಬಿದ್ದಿದ್ದು ಬಯಲಾಯಿತು. ಹಿಡಿದದ್ದು ಗೂಗಲ್. ಎನ್‌ಐಸಿಯ ವಿತರಣಾ ವ್ಯವಸ್ಥೆಯೇ ಕೆಟ್ಟವರ ಕೈಗೆ ಸಿಕ್ಕಿತ್ತು ಅಂತ ಮೇಲಿನ ನಿಯಂತ್ರಕರ ತನಿಖೆ ಹೇಳಿತು. ಗೂಗಲ್ ಹಿಡಿದ ಮಾರನೇ ದಿನವೇ ಆ ನಿಯಂತ್ರಕರು ಎನ್‌ಐಸಿಯ ಸರ್ಟಿಫಿಕೇಟುಗಳನ್ನು ರದ್ದು ಮಾಡಿದರೂ, ಕ್ರೋಮ್ ಭಾರತದ ಮೂಲ ಸರ್ಟಿಫಿಕೇಟನ್ನು ಏಳು ಡೊಮೈನುಗಳಿಗಷ್ಟೇ ನಂಬುತ್ತೇನೆ ಅಂತ ಬೇಲಿ ಹಾಕಿತು.

ಸಹಿದಾರ ತೀರಿಕೊಂಡರೆ ಸರ್ಟಿಫಿಕೇಟ್ ರದ್ದಾಗಬೇಕು ಅಂತಲೂ ಕಾಯ್ದೆಯಲ್ಲಿದೆ, ಆದರೆ ಯಾರಾದರೂ ತಿಳಿಸಬೇಕಲ್ಲ. ಮರಣ ಪ್ರಮಾಣಪತ್ರ ಲಗತ್ತಿಸಿ ಅರ್ಜಿ ಬರೆದೆ. ಕಳಿಸುವ ಮುಂಚೆ ಚಿಕ್ಕಮ್ಮ "ಅದರೊಳಗೆ ಅವರ ಸಹಿ ಇದೆ ಅಂತೀಯಲ್ಲ, ಎಲ್ಲಿ ತೋರ್ಸು" ಅಂದರು. ಲ್ಯಾಪ್‌ಟಾಪಿಗೆ ಸಿಕ್ಕಿಸಿದೆ. ಚಿಕ್ಕಪ್ಪನ ಪೂರ್ತಿ ಹೆಸರು ಬಂತು, ಕೆಳಗೆ ಒಂದಷ್ಟು ಅಂಕಿ ಅಕ್ಷರ. "ಅವರ ಕೈಬರಹ ಇಲ್ವಾ?" ಅಂದರು. ಇಲ್ಲ ಚಿಕ್ಕಮ್ಮ, ಅಂದೆ. ಸ್ವಲ್ಪ ಹೊತ್ತು ನೋಡಿ, "ಸರಿ, ತೆಗಿ" ಅಂದರು.

ಈಗ ಆ ಟೋಕನ್ ಬೀರುವಿನಲ್ಲಿ ಅವರ ಕನ್ನಡಕದ ಡಬ್ಬಿಯ ಪಕ್ಕ ಇದೆ. ಮೇಲಿನ ಚೀಟಿ ಮಾತ್ರ ಕಿತ್ತು ಹಾಕಿದ್ದೇನೆ.